ಒತ್ತು ಶಾವಿಗೆಯ ಎಳೆಯಂಥ ಹಾವು

ಬೆಳಗ್ಗೆ ಮಲ್ಲಿಗೆ ಕುಂಡದ ಮಣ್ಣು ಕೆದಕುತ್ತಿದ್ದೆ. ಎರೆಹುಳು ಅಂದುಕೊಂಡಿದ್ದು ಸರಕ್ಕನೆ ಹರಿಯಿತು. ಕಪ್ಪಗೆ ಮಿರಮಿರ ಹೊಳೆಯುವ ಕುರುಡು ಹಾವು. ಪಾಪದ ಜೀವ, ಯಾರಿಗೂ ಏನೂ ಮಾಡುವುದಿಲ್ಲ. ಮೆಲ್ಲಗೆ ಮಣ್ಣು ಮುಚ್ಚಿದೆ.

ಆಗಿನಿಂದ ಇನ್ನೊಂದು ಹಾವೇ ನೆನಪಾಗುತ್ತಿದೆ. ಕೆರಿಬಿಯನ್ ಕಡೆಯ ಬಾರ್ಬಡೋಸ್ ದ್ವೀಪದ ದಾರದ ಹಾವು. 2008ರಲ್ಲಷ್ಟೇ ಅದಕ್ಕೊಂದು ಹೆಸರು ಸಿಕ್ಕಿತು. ಪೂರ್ತಿ ಬೆಳೆದರೂ ಸುಮಾರು 10 ಸೆಂಟಿಮೀಟರ್. ಒತ್ತು ಶಾವಿಗೆಯ ಒಂದು ಎಳೆ ಇದ್ದ ಹಾಗೆ. ಬೆನ್ನ ಮೇಲೆ ತಿಳಿ ಹಳದಿ ಗೆರೆಗಳು. ಇರುವೆ, ಗೆದ್ದಲಿನ ಮರಿಗಳೇ ಊಟ.

ತಾಯಿ ಇಡುವುದು ಒಂದೇ ಮೊಟ್ಟೆ. ಒಂದೇ! ಉದ್ದಕ್ಕೆ, ಸಣ್ಣಗೆ, ಆ ಮೈಯೊಳಗೆ ಹಿಡಿಸುವ ಹಾಗೆ. ಅದರಿಂದ ಬರುವ ಮರಿ ತಾಯಿಯ ಅರ್ಧದಷ್ಟು ಉದ್ದ. ಎರಡು ಮೊಟ್ಟೆ ಇಟ್ಟರೆ ಮರಿಗಳು ತೀರಾ ಚಿಕ್ಕದಾಗಿ, ತಿನ್ನುವಷ್ಟು ಸಣ್ಣ ಆಹಾರವೇ ಸಿಗಲಿಕ್ಕಿಲ್ಲ ಅಂತಾರೆ ವಿಜ್ಞಾನಿಗಳು. ಇದನ್ನು ಓದಿದಾಗಲೆಲ್ಲ ಯಾಕೋ ಕರುಳು ಚುರುಕ್ ಅನ್ನುತ್ತದೆ.

ಸುಮಾರು 20 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2025ರ ಮಾರ್ಚ್‌ನಲ್ಲಿ, ಮರದ ಬೇರಿನಡಿ ಸಿಕ್ಕಿಕೊಂಡಿದ್ದ ಕಲ್ಲನ್ನು ಎತ್ತಿದಾಗ ಸಿಕ್ಕಿತು. ನಮ್ಮ ಕುಂಡದ ಹಾವಿನ ಜಾತಿಯೂ ಗಿಡದ ಮಣ್ಣಿನ ಜೊತೆ ಆ ದ್ವೀಪ ಸೇರಿಬಿಟ್ಟಿದೆ. ನೋಡಲು ಎರಡೂ ಒಂದೇ ಥರ. ಹಾಗಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಹಳದಿ ಗೆರೆ, ತಲೆಯ ಬದಿಯ ಕಣ್ಣು ನೋಡಿ ದಾರದ ಹಾವೇ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಕಾಡಿಗೇ ವಾಪಸ್ ಬಿಟ್ಟರು.

ಈಗ ಮಗಳ ಸ್ಕೇಲ್ ತಗೊಂಡು ಅಂಗೈ ಮೇಲೆ 10 ಸೆಂಟಿಮೀಟರ್ ಅಳೆದೆ. ಮಣಿಕಟ್ಟಿನಿಂದ ಹೊರಟರೆ ನಡುಬೆರಳಿನ ತುದಿ ಮುಟ್ಟಲೇ ಇಲ್ಲ.