ಸೈಕಲ್ ತಳ್ಳುವ ತಾಲೀಮು

ಅಮೆರಿಕದ ಕೊಲೊರಾಡೊದಲ್ಲಿ ಲೆಡ್‌ವಿಲ್ ಅಂತ ಒಂದು ಪುಟ್ಟ ಊರಿದೆ. ಸಮುದ್ರಮಟ್ಟದಿಂದ 3,094 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಇನ್ನೂ ಒಂದು ಕಿಲೋಮೀಟರಿಗಿಂತ ಜಾಸ್ತಿ ಮೇಲೆ ಈ ಊರಿನ ಪೇಟೆಬೀದಿ. ಪ್ರತಿ ಆಗಸ್ಟ್‌ನಲ್ಲಿ ಆ ಬೀದಿಯಿಂದ ಬೆಳಿಗ್ಗೆ ಆರೂವರೆಗೆ ಬಂದೂಕಿನ ಸದ್ದಿಗೆ ಮೌಂಟನ್ ಬೈಕ್ ರೇಸ್, ಅಂದರೆ ಗುಡ್ಡಗಾಡಿನ ಸೈಕಲ್ ರೇಸ್, ಹೊರಡುತ್ತದೆ. 100 ಮೈಲಿ, ಅಂದರೆ 160 ಕಿಲೋಮೀಟರ್. ಅರ್ಧ ಹೋಗಿ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹೊರಟ 12 ಗಂಟೆಗಳೊಳಗೆ ಮುಗಿಸಿದವರಿಗೆ ಬೆಲ್ಟಿಗೆ ಹಾಕುವ ಬಕಲ್ ಕೊಡುತ್ತಾರೆ. 9 ಗಂಟೆಗಳೊಳಗೆ ಬಂದರೆ ದೊಡ್ಡ ಬಕಲ್. ನನಗೆ ಚಿಕ್ಕದೇ ಸಾಕು.

ಈ ರೇಸಿಗೆ ಸೇರುವುದಕ್ಕೂ ಲಾಟರಿ. ಅದರಲ್ಲಿ ನನ್ನ ಹೆಸರು ಬಂದ ದಿನವೇ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಶಿವಮೊಗ್ಗದವರು, ನನ್ನ ಹಾಗೇ ಡೆನ್ವರ್ ಪಕ್ಕದಲ್ಲಿ ಮನೆ ಮಾಡಿದವರು, ಐವತ್ತು ದಾಟಿದೆ. ಅವರ ಮನೆಯ ಶೋಕೇಸಿನಲ್ಲಿ ಗಣಪತಿ ವಿಗ್ರಹದ ಪಕ್ಕ ಲೆಡ್‌ವಿಲ್ಲಿನ ಬಕಲ್ ಇದೆ. "ಸರಿ, ತಯಾರಿ ಮಾಡೋಣ. ಆದ್ರೆ ನಾನು ಹೇಳಿದ ಹಾಗೆ ಕೇಳ್ಬೇಕು" ಅಂದರು.

ಚಳಿಗಾಲ ಪೂರ್ತಿ ಮನೆಯೊಳಗೆ ಟ್ರೈನರ್, ಅಂದರೆ ನಿಂತಲ್ಲೇ ಸೈಕಲ್ ತುಳಿಯುವ ಸಾಧನದ ಮೇಲೆ ಬೆವರು, ವಸಂತದಲ್ಲಿ ವಾರಾಂತ್ಯದ ಉದ್ದುದ್ದ ಸವಾರಿ. ಅದನ್ನೆಲ್ಲ ಬಿಡಿ, ಸೈಕಲ್ ಹೊಡೆಯುವವರೆಲ್ಲ ಮಾಡುವುದೇ. ನಾನು ಹೇಳಬೇಕೆಂದಿರುವುದು ಜುಲೈ ಕೊನೆಯ ಒಂದು ಶನಿವಾರದ ಬಗ್ಗೆ. ಅವತ್ತು ನಾವು ಹೋಗಿದ್ದು ಸೈಕಲ್ ತಳ್ಳಿಕೊಂಡು ನಡೆಯುವುದನ್ನು ಕಲಿಯುವುದಕ್ಕೆ.

ಇನ್ನೂ ಕತ್ತಲಿರುವಾಗಲೇ ಡೆನ್ವರ್ ಬಿಟ್ಟೆವು. ಫ್ರೀಮಾಂಟ್ ಪಾಸ್ ಅನ್ನುವ ಘಾಟಿ ದಾಟುವಾಗ ಬೆಳಕಾಗಿತ್ತು. ಅಲ್ಲಿ ರಸ್ತೆಗೆ ತಾಗಿಕೊಂಡೇ ಕ್ಲೈಮ್ಯಾಕ್ಸ್ ಗಣಿ. ಅರ್ಧ ಗುಡ್ಡವನ್ನೇ ತೆಗೆದುಬಿಟ್ಟಿದ್ದಾರೆ. ಮಾಲಿಬ್ಡಿನಂ ಅನ್ನುವ ಲೋಹ ಸಿಗುವ ಜಾಗ. 1980ರ ದಶಕದ ಶುರುವಿನಲ್ಲಿ ಈ ಗಣಿ ನಿಂತು, ಲೆಡ್‌ವಿಲ್ಲಿನ ಅನ್ನವೇ ನಿಂತುಹೋಯಿತು. ಅಲ್ಲೇ ಗಣಿ ಕೆಲಸದಲ್ಲಿದ್ದ ಕೆನ್ ಕ್ಲೌಬರ್ ಅನ್ನುವವರು, ಊರಿಗೆ ನಾಲ್ಕು ಜನ ಬಂದು ರಾತ್ರಿ ಉಳಿಯಲಿ, ಹೋಟೆಲಿನವರಿಗೆ ವ್ಯಾಪಾರ ಆಗಲಿ ಅಂತ 1983ರಲ್ಲಿ 100 ಮೈಲಿಯ ಓಟ ಶುರು ಮಾಡಿದರು. ಸೈಕಲ್ ರೇಸ್ ಬಂದಿದ್ದು 1994ರಲ್ಲಿ. ಗಣಿ 2012ರಲ್ಲಿ ಮತ್ತೆ ಶುರುವಾಗಿದೆ. ಆ ಹೊತ್ತಿಗೆ ಊರಿಗೆ ರೇಸಿನಿಂದಲೇ ಒಂದು ಹೆಸರು ಬಂದಾಗಿತ್ತು. ಈ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಕೆಜಿಎಫ್ ನೆನಪಾಗುತ್ತದೆ. 2001ರಲ್ಲಿ ಅಲ್ಲಿ ಗಣಿ ಮುಚ್ಚಿದ ಮೇಲೆ ಜನ ಬೆಳಗಾದರೆ ಬೆಂಗಳೂರಿನ ರೈಲು ಹತ್ತುವುದೇ ಬದುಕಾಯಿತು. ಅಲ್ಲಿಗೂ ಯಾರಾದರೂ ಇಂಥ ಒಬ್ಬ ತಲೆಕೆಟ್ಟ ಮನುಷ್ಯ ಬೇಕಿತ್ತೇನೋ.

ರೇಸಿನ ನಡುಮಧ್ಯದಲ್ಲಿ ಕೊಲಂಬೈನ್ ಅನ್ನುವ ಏರು ಇದೆ. ಟ್ವಿನ್ ಲೇಕ್ಸ್ ಕೆರೆಗಳ ಹತ್ತಿರ ಸುಮಾರು 2,800 ಮೀಟರಿನಲ್ಲಿ ಶುರುವಾಗಿ, 3,780 ಮೀಟರಿನ ಆಸುಪಾಸಿನ ಹಳೇ ಗಣಿಯ ಹತ್ತಿರ ಮುಗಿಯುತ್ತದೆ. ಬೆಂಗಳೂರಿನ ಸೈಕಲ್ ಮಂದಿಗೆ ಗೊತ್ತಾಗುವ ಹಾಗೆ ಹೇಳಬೇಕೆಂದರೆ, ನಂದಿಬೆಟ್ಟದ ಏರನ್ನು ಒಂದೇ ಉಸಿರಿಗೆ ಎರಡು ಸಲ ಹತ್ತಬೇಕು. ಆದರೆ ಇಲ್ಲಿ ಆ ಒಂದು ಉಸಿರೇ ಇರುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಒಂದೇ, ಶೇಕಡ 21. ಮೇಲೆ ಹೋದಂತೆ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ. ಕೊಲಂಬೈನ್ ತುದಿಯಲ್ಲಿ ಅದು ಸಮುದ್ರಮಟ್ಟದ ಸುಮಾರು ಮೂರನೇ ಎರಡು ಪಾಲು ಅಷ್ಟೇ. ಎಷ್ಟೇ ಎಳೆದುಕೊಂಡರೂ ಎದೆಗೆ ಸಾಲುವುದಿಲ್ಲ.

ಕೆಳಗಿನ ಭಾಗ ಒಳ್ಳೆಯ ಮಣ್ಣಿನ ರಸ್ತೆ. ಎರಡೂ ಕಡೆ ಆಸ್ಪೆನ್ ಮರಗಳು. ಡೆನ್ವರ್‌ನಲ್ಲಿ ಆರಾಮಾಗಿ 220 ವ್ಯಾಟ್ ಶಕ್ತಿ ಹಾಕಿ ತುಳಿಯುವ ನಾನು ಇಲ್ಲಿ 180ಕ್ಕೇ ತೇಕುತ್ತಿದ್ದೆ. ಅಕ್ಕ ಮುಂದೆ ಹೋಗುತ್ತಾ ಮಾತಾಡುತ್ತಲೇ ಇದ್ದರು. ಮಗಳ ಕಾಲೇಜು, ಊರಲ್ಲಿ ಅಡಿಕೆಗೆ ಬಂದ ಎಲೆಚುಕ್ಕಿ ರೋಗ, ಎಲ್ಲಾ. ನಾನು "ಹೂಂ" ಅನ್ನುವುದಕ್ಕೂ ಲೆಕ್ಕ ಹಾಕಬೇಕಿತ್ತು. "ಮಾತಾಡೋಕೆ ಆಗ್ತಿಲ್ಲ ಅಂದ್ರೆ ಜಾಸ್ತಿ ತುಳೀತಿದೀಯ ಅಂತ. ಗೇರ್ ಇಳಿಸು" ಅಂದರು. ಇಳಿಸಿದೆ. ಇಳಿಸುವುದಕ್ಕೆ ಇನ್ನೊಂದು ಗೇರೂ ಉಳಿಯಲಿಲ್ಲ.

ಮರಗಳು ಕುಳ್ಳಗಾಗಿ, ತೆಳ್ಳಗಾಗಿ, ಕಡೆಗೆ ಇಲ್ಲವೇ ಇಲ್ಲ ಅನ್ನುವಲ್ಲಿ ದಾರಿಯೂ ಕೆಡುತ್ತದೆ. ಮುಷ್ಟಿ ಗಾತ್ರದ ಸಡಿಲ ಕಲ್ಲುಗಳು. ಚಕ್ರ ಇಟ್ಟಲ್ಲಿ ಜಾರುತ್ತದೆ. ರೇಸಿನ ದಿನ ಇಲ್ಲಿ ಬಹುತೇಕ ಜನ ಸಾಲಾಗಿ ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ಎಡಗಡೆಯಿಂದ ಆಗಲೇ ತುದಿ ಮುಟ್ಟಿದವರು ಜೋರಾಗಿ ಇಳಿದು ಬರುತ್ತಿರುತ್ತಾರೆ. ವಾಪಸ್ ದಾರಿಯಲ್ಲಿ, ಸುಮಾರು 80ನೇ ಮೈಲಿಯ ಹೊತ್ತಿಗೆ ಪವರ್‌ಲೈನ್ ಅನ್ನುವ ಇನ್ನೊಂದು ಏರು ಬರುತ್ತದೆ. ಅಲ್ಲಿನ ಕಡಿದಾದ ಜಾಗದಲ್ಲೂ ಇದೇ ಕಥೆ. ಅಂದರೆ ನನ್ನಂಥವನಿಗೆ ಈ ರೇಸಿನಲ್ಲಿ ನಡಿಗೆ ತಪ್ಪಿದ್ದಲ್ಲ. ಆದರೂ ನಡಿಗೆಯನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಸೈಕಲ್ಲಿನಿಂದ ಇಳಿದರೆ ಮರ್ಯಾದೆ ಹೋಯಿತು ಅನ್ನುವ ಭಾವ. ಮರ್ಯಾದೆಗಾಗಿ ತುಳಿದು, ಅರ್ಧ ದಾರಿಯಲ್ಲಿ ಸುಸ್ತಾಗಿ ಕೂರುವವರೇ ಜಾಸ್ತಿ ಅಂತ ಅಕ್ಕನ ವಾದ.

ಮೊದಲು ಒಂದು ತುಂಡು ದಾರಿಯನ್ನು ತುಳಿದುಕೊಂಡೇ ಹತ್ತು ಅಂದರು. ಹತ್ತಿದೆ. ಐದೂವರೆ ನಿಮಿಷ. ಹೃದಯ ಬಡಿತ 174. ಕಣ್ಣಿನ ಅಂಚಿನಲ್ಲಿ ಚುಕ್ಕಿಗಳು. ಕೆಳಗಿಳಿದು, ಚೆನ್ನಾಗಿ ಸುಧಾರಿಸಿಕೊಂಡು, ಅದೇ ತುಂಡನ್ನು ತಳ್ಳಿಕೊಂಡು ಹತ್ತು ಅಂದರು.

ತಳ್ಳುವುದು ಅಂದರೆ ಸುಮ್ನೆ ಹ್ಯಾಂಡಲ್ ಹಿಡಿದು ಮೇಲಕ್ಕೆ ನೂಕುವುದು ಅಂತ ಯಾರಾದರೂ ಅಂದುಕೊಂಡಾರು. ಹಾಗೆ ಮಾಡಿದರೆ ಹಠ ಹಿಡಿದ ಕರುವನ್ನು ಕೊಟ್ಟಿಗೆಗೆ ಎಳೆದ ಹಾಗೆ, ಭುಜ ಬಿದ್ದುಹೋಗುತ್ತದೆ. ಅಕ್ಕ ಕೈ ಹಿಡಿದು ತೋರಿಸಿದರು. ಸೈಕಲ್ ನಮ್ಮ ಬಲಕ್ಕಿರಬೇಕು, ಆಗ ಚೈನಿನ ಮಸಿ ಕಾಲಿಗೆ ಹತ್ತುವುದಿಲ್ಲ. ಎಡಗೈ ಹ್ಯಾಂಡಲ್ ಮೇಲೆ, ಅದು ದಿಕ್ಕಿಗೆ ಮಾತ್ರ. ಬಲಗೈ ಸೀಟಿನ ಹಿಂಬದಿಗೆ, ನೂಕುವ ಕೆಲಸವೆಲ್ಲ ಅದರದ್ದು. ಎಡ ಪೆಡಲನ್ನು ಮೊದಲೇ ಮುಂದಕ್ಕೆ ತಿರುಗಿಸಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹೆಜ್ಜೆಗೊಮ್ಮೆ ಮೀನಖಂಡಕ್ಕೆ ಗುದ್ದುತ್ತದೆ. ನಯವಾದ ದಾರಿ ಚಕ್ರಕ್ಕೆ, ಕಲ್ಲಿನ ದಾರಿ ಕಾಲಿಗೆ. ಚಿಕ್ಕ ಚಿಕ್ಕ ಹೆಜ್ಜೆ. ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ.

"ನಿಲ್ಲಬೇಡ ಮಾರಾಯ! ಎಷ್ಟಾದ್ರೂ ನಿಧಾನ ಹೋಗು, ನಿಲ್ಲಬೇಡ ಅಷ್ಟೇ."

ನಿಲ್ಲಲಿಲ್ಲ. ತೊಂದರೆ ಕೊಟ್ಟಿದ್ದು ಬೂಟು. ರಸ್ತೆ ಸೈಕಲ್ಲಿನ ಗಟ್ಟಿ ಅಡಿಯ ಬೂಟಿನ ಹಾಗೆ ಇದರ ಅಡಿಯೂ ಬಗ್ಗುವುದಿಲ್ಲ, ಕೆಳಗೆ ಪೆಡಲಿಗೆ ಸಿಕ್ಕಿಸುವ ಕಬ್ಬಿಣದ ಕ್ಲೀಟ್ ಕಲ್ಲಿಗೆ ತಾಗಿದಾಗೆಲ್ಲ ಕಿರ್ ಅಂತ ಜಾರುತ್ತಿತ್ತು. ಅಕ್ಕನ ಬೂಟಿನಲ್ಲಿ ಕ್ಲೀಟ್ ಸುತ್ತ ದಪ್ಪ ರಬ್ಬರ್ ಇತ್ತು. ಆಡಿನ ಹಾಗೆ ಹತ್ತಿದರು ಅಂತ ಬರೆಯಬೇಕೆನಿಸುತ್ತದೆ, ಅವರು ಓದಿದರೆ ಬಿಡುವುದಿಲ್ಲ.

ಮೇಲೆ ಮುಟ್ಟಿ ನೋಡಿದರೆ ಆರು ನಿಮಿಷ ಹತ್ತು ಸೆಕೆಂಡ್. ಹೃದಯ ಬಡಿತ 156. ಉಳಿಸಿದ್ದೆಷ್ಟು, ಕಳೆದಿದ್ದೆಷ್ಟು ನೀವೇ ನೋಡಿ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ನನಗೆ ಹಸಿವಾಗಿತ್ತು! ತುಳಿದು ಹತ್ತಿದಾಗ ಜೆಲ್ (ಸವಾರರು ಶಕ್ತಿಗೆ ನುಂಗುವ ಸಿಹಿ ಪಾಕ) ನೆನೆಸಿಕೊಂಡರೇ ವಾಕರಿಕೆ ಬರುತ್ತಿತ್ತು. ತಳ್ಳಿಕೊಂಡು ಬಂದಾಗ ಜೇಬಿನಲ್ಲಿದ್ದ ಹುಣಸೆ-ಬೆಲ್ಲದ ಉಂಡೆ ಎರಡು ಇಳಿಯಿತು. ಎತ್ತರದಲ್ಲಿ ಮೈಮೇಲೆ ಜೋರು ಹಾಕಿದರೆ ರಕ್ತವೆಲ್ಲ ಕಾಲಿಗೆ ಹೋಗಿ ಹೊಟ್ಟೆ ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೂ 50 ಮೈಲಿ ಬಾಕಿ ಇರುವಾಗ ಹೊಟ್ಟೆ ಮುಷ್ಕರ ಹೂಡಿದರೆ ರೇಸ್ ಅಲ್ಲಿಗೆ ಮುಗಿಯಿತು.

ತುದಿ ಕಾಣುತ್ತಿತ್ತು. ಕೆರೆಗಳಾಚೆ ಮೌಂಟ್ ಎಲ್ಬರ್ಟ್, ರಾಕೀಸ್ ಪರ್ವತಗಳಲ್ಲೇ ಎತ್ತರದ್ದು, ಅದರ ಹೆಗಲ ಮೇಲೆ ಬಿಳಿ ಮೋಡ ಹೂಕೋಸಿನಂತೆ ಉಬ್ಬುತ್ತಿತ್ತು. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಸಿಡಿಲಿನ ಕಾಟ. ಮರ ಇಲ್ಲದ ಜಾಗದಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಅಂದರೆ ಸೈಕಲ್ ಹಿಡಿದ ಮನುಷ್ಯನೇ. ಮೋಡದ ಬುಡ ಬೂದಿ ಬಣ್ಣಕ್ಕೆ ತಿರುಗಿತು.

"ಇನ್ನು ಹತ್ತೇ ನಿಮಿಷ ಅಕ್ಕ, ತುದಿ ಮುಟ್ಟಿ ಬರೋಣ."

"ತುದಿಯಲ್ಲಿ ಏನಿದೆ? ಒಂದು ಬಯಲು, ನಾಲ್ಕು ಕಲ್ಲು. ರೇಸಿನ ದಿನ ನೋಡು ಬೇಕಾದ್ರೆ. ತಿರುಗಿಸು ಸೈಕಲ್."

ತಿರುಗಿಸಿದೆ. ಮರಗಳ ಸಾಲಿಗೆ ಬರುವಷ್ಟರಲ್ಲಿ ಮೊದಲ ಗುಡುಗು. ಆಮೇಲೆ ಆಲಿಕಲ್ಲು, ಹೆಲ್ಮೆಟ್ ಮೇಲೆ ಕಟಕಟ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದವು. ತೀರ್ಥಹಳ್ಳಿಯಲ್ಲಿ ಹುಟ್ಟಿದ ನನಗೆ ಮಳೆ ಹೊಸದಲ್ಲ. ಆದರೆ ಜುಲೈನಲ್ಲಿ ಮಳೆ ಅಂದರೆ ಹಲ್ಲು ಕಟಕಟಿಸುವ ಚಳಿ ಅನ್ನುವುದು ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.

ಕಾರಿನಲ್ಲಿ ಹೀಟರ್ ಹಾಕಿಕೊಂಡು ಅಕ್ಕ ತಂದಿದ್ದ ಚಿತ್ರಾನ್ನ ತಿಂದೆವು. ಮುಂದಿನ ವಾರಗಳ ಪಟ್ಟಿಯನ್ನು ಅವರು ಅಲ್ಲೇ ಹೇಳಿಬಿಟ್ಟರು. ಮೊದಲು ಹೊಸ ಬೂಟು, ಅದೂ ರೇಸಿಗೆ ಮುಂಚೆ ಕಾಲಿಗೆ ಒಗ್ಗುವಷ್ಟು ದಿನ ಇರುವಾಗಲೇ. ವಾರದಲ್ಲಿ ಎರಡು ಸಂಜೆ ಆಫೀಸ್ ಮುಗಿಸಿ ಮನೆ ಹಿಂದಿನ ಗುಡ್ಡಕ್ಕೆ ಸೈಕಲ್ ತಳ್ಳುವುದು. ಮುಂದಿನ ಶನಿವಾರ ಪವರ್‌ಲೈನ್, ಅದೂ ಮೊದಲೇ ನಾಲ್ಕು ಗಂಟೆ ತುಳಿದು ಕಾಲು ಸೋತ ಮೇಲೆ.

ಮನೆಗೆ ಬಂದು ಹೆಂಡತಿಗೆ ಬೂಟಿನ ಬೆಲೆ ಹೇಳಿದೆ. "ಅಷ್ಟು ದುಡ್ಡು ಸುರಿದು ಸೈಕಲ್ ತಗೊಂಡ್ರಿ. ಈಗ ಅದನ್ನ ತಳ್ಳೋಕೆ ಬೇರೆ ದುಡ್ಡಾ?" ಅಂದಳು. ಹೃದಯ ಬಡಿತದ ಲೆಕ್ಕ ತೋರಿಸಲು ಹೋದೆ, ಕೇಳುವುದಕ್ಕೆ ಅವಳು ಅಲ್ಲಿರಲಿಲ್ಲ. ಬೂಟು ಬುಧವಾರ ಬರುತ್ತದಂತೆ.