ಬಿಳಿಯ ಬದಿಯಲ್ಲೇ ಕಾಲಿಡಿ

ಮಂಗಳವಾರ ಬೆಳಿಗ್ಗೆ ಲಾವೋಸಿನ ಫೋನ್‌ಸಾವನ್ ಊರಾಚೆಯ ಹುಲ್ಲುಬಯಲಿನಲ್ಲಿ, ಆಳೆತ್ತರದ ಕಲ್ಲಿನ ಹರವಿಯೊಂದರ ಚಿತ್ರ ತೆಗೆಯಲೆಂದು ನಾನು ಹಿಂದೆ ಹಿಂದೆ ಸರಿಯುತ್ತಿದ್ದಾಗ, ಮಾರ್ಗದರ್ಶಿ ನನ್ನ ತೋಳು ಹಿಡಿದು ಎಳೆದ. "ಬಿಳಿಯ ಬದಿಯಲ್ಲೇ ಕಾಲಿಡಿ" ಎಂದಷ್ಟೇ ಹೇಳಿದ, ದನಿ ಏರಿಸಲಿಲ್ಲ. ಕಾಲ ಬಳಿ ನೆಲದಲ್ಲಿ ಹೂತಿದ್ದ ಗುರುತುಕಲ್ಲು ಅರ್ಧ ಬಿಳಿ, ಅರ್ಧ ಕೆಂಪು. ಬಿಳಿಯ ಕಡೆ ಮಣ್ಣಿನೊಳಗಿನ ಬಾಂಬುಗಳನ್ನೂ ಹುಡುಕಿ ತೆಗೆದಿದ್ದಾರೆ, ಕೆಂಪಿನ ಕಡೆ ಮೇಲ್ಮೈಯನ್ನು ಮಾತ್ರ ನೋಡಿದ್ದಾರೆ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸತ್ತವರ ಸಂಸ್ಕಾರಕ್ಕಾಗಿ ಕಡೆದ ಆ ಹರವಿಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳ ನಡುನಡುವೆಯೇ ಬಾಂಬು ಬಿದ್ದ ಗುಂಡಿಗಳಿವೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಮಿಕ್ಕಿ ಬಾಂಬು ಸುರಿದವು. ಅವುಗಳ ಪೈಕಿ ಚೆಂಡಿನ ಗಾತ್ರದ, ಅಲ್ಲಿಯವರು 'ಬಾಂಬಿ' ಎನ್ನುವ ಮರಿಬಾಂಬುಗಳೇ ಸುಮಾರು 27 ಕೋಟಿ; ಅವುಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಸಿಡಿಯಲೇ ಇಲ್ಲವೆಂಬ ಅಂದಾಜಿದೆ. ಇಷ್ಟನ್ನು ತಿಳಿದ ಮೇಲೂ ನಮ್ಮ ಗುಂಪಿನ ಇಬ್ಬರು ಹರವಿಯ ಅಂಚಿಗೆ ಹತ್ತಿ ಕುಳಿತು ನಗುತ್ತಿದ್ದುದು ನನಗೆ ಸಹಿಸಲಾಗಲಿಲ್ಲ. ಮಾರ್ಗದರ್ಶಿ ಅವರನ್ನೂ ಅದೇ ಸಮಾಧಾನದಿಂದ ಕೈಹಿಡಿದು ಇಳಿಸಿದ. ಅಂಥ ತಾಳ್ಮೆ ಎಷ್ಟು ಜನರ ತೋಳು ಹಿಡಿದು ಎಳೆದ ಮೇಲೆ ಬಂದಿರಬಹುದು!

ಮಧ್ಯಾಹ್ನ ಬಾನ್ ನಾಪಿಯಾ ಹಳ್ಳಿಯಲ್ಲಿ, ಯುದ್ಧದ ಗುಜರಿಯ ಅಲ್ಯೂಮಿನಿಯಮ್ಮನ್ನು ಮಣ್ಣಿನ ಒಲೆಯಲ್ಲಿ ಕರಗಿಸಿ ಚಮಚ ಎರೆಯುವ ಹೆಂಗಸಿನ ಮನೆಗೆ ಹೋದೆವು. ಆಕೆ ಸೌಟಿನಿಂದ ಅಚ್ಚಿಗೆ ಸುರಿದು, ಒಂದೆರಡು ಉಸಿರಿನಷ್ಟು ಕಾದು, ಅಚ್ಚು ಬಿಡಿಸಿ, ಇನ್ನೂ ಬಿಸಿಯಾಗಿದ್ದ ಚಮಚವನ್ನು ಇಕ್ಕಳದಿಂದ ಎತ್ತಿಟ್ಟಳು. ಭಯವಾಗುವುದಿಲ್ಲವೇ ಎಂದು ಕೇಳಿಸಿದೆ. "ಇಲ್ಲಿಗೆ ಬರುವುದು ಸತ್ತ ಲೋಹ. ಭಯವೆಲ್ಲ ಗದ್ದೆಗೆ ಇಳಿಯುವಾಗ" ಎಂದಳು.

ಆ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮ ಮನೆಯಲ್ಲಿ ಯುಗಾದಿಗೆ ಹೊನ್ನಾರು ಕಟ್ಟುವಾಗ ತಂದೆಯವರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಭೂಮಿತಾಯಿ ಕೊಡುತ್ತಾಳೆ ಎಂಬುದೊಂದೇ ಅವರ ನಂಬಿಕೆಯಾಗಿತ್ತು. ನೆಲದೊಳಗೆ ಏನಿದೆಯೋ ಎಂದು ಅಂಜುತ್ತಾ ಉಳಬೇಕಾದ ರೈತನಿಂದ, ಎಂದೋ ಮುಗಿದ ಯುದ್ಧ, ಆ ನಂಬಿಕೆಯನ್ನೇ ಕಸಿದುಕೊಂಡಿದೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುತ್ತಿಲ್ಲ.

ಹಿಂದಿರುಗುವಾಗ ರಸ್ತೆ ಬದಿಯ ಕೆಸರುಗದ್ದೆಯಲ್ಲಿ ಒಬ್ಬ ಪವರ್ ಟಿಲ್ಲರ್ ಓಡಿಸುತ್ತಿದ್ದ, ಬದುವಿನ ಮೇಲೆ ಪುಟ್ಟ ಹುಡುಗಿ ಬುತ್ತಿ ಹಿಡಿದು ನಿಂತಿದ್ದಳು. ಗುರುತುಕಲ್ಲಿಗಾಗಿ ಗದ್ದೆಯುದ್ದಕ್ಕೂ ಕಣ್ಣಾಡಿಸಿದೆ. ಬಿಳಿಯದೂ ಇರಲಿಲ್ಲ, ಕೆಂಪಿನದೂ ಇರಲಿಲ್ಲ.