ಮೊಕೊಕ್ಚುಂಗ್‌ಗೆ ಶನಿವಾರ ಸಂಜೆ ಹೋಗಿ ಇಳಿಯಬೇಡಿ

ನವೆಂಬರಿನ ಕೊನೆಯ ವಾರ, ನಾಗಾಲ್ಯಾಂಡಿನ ಬೆಟ್ಟದ ಪಟ್ಟಣ ಮೊಕೊಕ್ಚುಂಗ್. ಸಂಜೆ ಐದಾಗುವ ಮೊದಲೇ ಕತ್ತಲಾಗಿತ್ತು. ಪೊಲೀಸ್ ಪಾಯಿಂಟ್ ಎಂದು ಕರೆಯುವ ಪೇಟೆಯ ನಡುವಿನ ಕೂಡುರಸ್ತೆಯ ಹತ್ತಿರ ಒಂದು ಅಂಗಡಿಗೆ ಸೋಪು ಕೊಳ್ಳಲು ಹೋಗಿದ್ದೆ. ಅಂಗಡಿಯಾಕೆ ಚಿಲ್ಲರೆ ಎಣಿಸುತ್ತಲೇ ಹಿಂದಿಯಲ್ಲಿ, “ಬೇರೇನಾದರೂ ಬೇಕಿದ್ದರೆ ಈಗಲೇ ತೆಗೆದುಕೊಳ್ಳಿ, ನಾಳೆ ಭಾನುವಾರ” ಎಂದರು. ಭಾನುವಾರವಾದರೇನಂತೆ ಎಂದು ನಕ್ಕು ಬಂದೆ. ಮಾರನೆಯ ದಿನ ಮಧ್ಯಾಹ್ನ ಬ್ಯಾಗಿನ ತಳ ತಡಕಿ, ಗುವಾಹಟಿಯ ರೈಲಿನಲ್ಲಿ ಕೊಂಡು ಮರೆತಿದ್ದ ಕಡಲೆಬೀಜದ ಪೊಟ್ಟಣ ಒಡೆಯುವಾಗ ಆ ಮಾತು ತಲೆಗೆ ಇಳಿಯಿತು.

ನಮ್ಮಲ್ಲಿ ಬಂದ್ ಎಂದರೂ ಅರ್ಧ ಶಟರ್ ಎತ್ತಿ ಟೀ ಕೊಡುವವನೊಬ್ಬ ಎಲ್ಲಾದರೂ ಇದ್ದೇ ಇರುತ್ತಾನೆ. ಮೊಕೊಕ್ಚುಂಗ್‌ನ ಭಾನುವಾರದಲ್ಲಿ ಅವನೂ ಇಲ್ಲ. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಸೀಟಿನ ಲೆಕ್ಕದಲ್ಲಿ ಜನರನ್ನು ಹತ್ತಿಸಿಕೊಂಡು ಓಡುವ ಸುಮೊ ಜೀಪೂ ಇಲ್ಲ. ಒಳ್ಳೆಯ ಬಟ್ಟೆ ತೊಟ್ಟ ಊರಿಗೆ ಊರೇ ಇಗರ್ಜಿಯ ದಾರಿ ಹಿಡಿದಿರುತ್ತದೆ. ಇಲ್ಲಿನವರು ಆವೊ ನಾಗಾಗಳು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು. ನಾಗಾ ಬೆಟ್ಟಗಳಲ್ಲಿ ಕ್ರೈಸ್ತ ಧರ್ಮ ಮೊದಲು ನೆಲೆಯೂರಿದ್ದು ಇವರಲ್ಲೇ, 1872ರಲ್ಲಿ. ಆ ಕೆಲಸ ಶುರುಮಾಡಿದ ಅಮೆರಿಕದ ಮಿಷನರಿ ಎಡ್ವರ್ಡ್ ಕ್ಲಾರ್ಕ್ ಆವೊ ಭಾಷೆಗೆ ನಿಘಂಟನ್ನೂ ಕಟ್ಟಿದ. ಮಿಷನ್ನಿನ ಕೇಂದ್ರ 1894ರಲ್ಲಿ ಈ ಪಟ್ಟಣದಿಂದ ಸ್ವಲ್ಪ ದೂರದ ಇಂಪುರ್‌ಗೆ ಬಂತು. ಇದನ್ನೆಲ್ಲ ನಾನು ಓದಿಕೊಂಡೇ ಹೋಗಿದ್ದೆ. ಆದರೆ ಇತಿಹಾಸ ಓದಿದವನಿಗೆ ಭಾನುವಾರ ಊಟ ಸಿಗುವುದಿಲ್ಲ ಎಂಬುದು ಹೊಳೆಯಬೇಕಲ್ಲ.

ಆದ್ದರಿಂದ ಮೊದಲ ಸಲಹೆ: ಸೋಮವಾರ ಅಥವಾ ಮಂಗಳವಾರ ತಲುಪಿ. ಭಾನುವಾರ ತಪ್ಪಿಸಲು ಆಗದಿದ್ದರೆ ಶನಿವಾರವೇ ಬ್ರೆಡ್ಡು, ಬಾಳೆಹಣ್ಣು, ಮೊಟ್ಟೆ ತಂದಿಟ್ಟುಕೊಳ್ಳಿ.

ನಾನೇನೋ ಶುಕ್ರವಾರ ರಾತ್ರಿ ಗುವಾಹಟಿಯಲ್ಲಿ ರೈಲು ಹತ್ತಿದ್ದು, ಶನಿವಾರ ಮಧ್ಯಾಹ್ನಕ್ಕೆಲ್ಲ ಊರು ಸೇರುವ ಲೆಕ್ಕದಲ್ಲಿ. ಅಸ್ಸಾಮಿನ ಮರಿಯಾನಿಗೆ ರೈಲು ಮೂರು ತಾಸು ತಡವಾಗಿ ಬಂತು. ನಿಲ್ದಾಣದ ಹೊರಗೆ ಕಾಲಿಟ್ಟ ಕೂಡಲೇ ಒಬ್ಬ ನನ್ನ ಬ್ಯಾಗಿಗೆ ಕೈಹಾಕಿ, “ಸುಮೊ ಎಲ್ಲ ಹೋದವು. ಇನ್ನು ಇರುವುದು ರಿಸರ್ವ್ ಗಾಡಿ ಮಾತ್ರ” ಎಂದ. ಇಡೀ ಗಾಡಿಗೆ ನಾಲ್ಕು ಸಾವಿರದಿಂದ ಶುರುವಾಗಿ ಮೂರೂವರೆಗೆ ಇಳಿದ. ಚೌಕಾಸಿ ಮಾಡಿ ಗೆದ್ದೆ ಎಂಬ ಹೆಮ್ಮೆಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತೆ. ಬೆಟ್ಟ ಹತ್ತಲು ಶುರುಮಾಡಿ ಅರ್ಧ ಗಂಟೆಯಾಗಿರಲಿಲ್ಲ, ಹಿಂದಿನಿಂದ ಹಾರ್ನ್ ಹಾಕಿಕೊಂಡು ಒಂದು ಸುಮೊ ನಮ್ಮನ್ನು ದಾಟಿತು. ಆಮೇಲೆ ಇನ್ನೊಂದು. ಎರಡನೆಯದರ ಹಿಂದಿನ ಸಾಲಿನಲ್ಲಿ ಎರಡು ಸೀಟು ಖಾಲಿ ಇದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಚಾಲಕ ರಸ್ತೆಯನ್ನೇ ನೋಡುತ್ತಿದ್ದ. ಸೀಟಿನ ಲೆಕ್ಕದಲ್ಲಿ ಆಗುತ್ತಿದ್ದ ಖರ್ಚು ಇದರ ಕಾಲುಭಾಗವೂ ಅಲ್ಲ ಎಂಬುದು ಹಿಂದಿರುಗುವಾಗ ಗೊತ್ತಾಯಿತು. ನಿಲ್ದಾಣದಲ್ಲಿ ಹೊಂಚುಹಾಕುವವರೊಂದಿಗೆ ಮಾತಿಗೇ ನಿಲ್ಲಬೇಡಿ. ನೇರವಾಗಿ ಸುಮೊ ಕೌಂಟರಿಗೆ ನಡೆಯಿರಿ, ಅಲ್ಲಿನ ಟಿಕೆಟ್ ಪುಸ್ತಕ ನೋಡಿ, ಆಮೇಲೆ ನಿರ್ಧಾರ ಮಾಡಿ. ಹೊರರಾಜ್ಯದವರು ನಾಗಾಲ್ಯಾಂಡಿನೊಳಗೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ಟಿನ ಎರಡು ಮುದ್ರಿತ ಪ್ರತಿ ಜೇಬಿನಲ್ಲಿರಲಿ. ಗಡಿಯ ಗೇಟಿನಲ್ಲಿ ನೆಟ್‌ವರ್ಕ್ ಹುಡುಕುತ್ತ ಮೊಬೈಲನ್ನು ಆಕಾಶಕ್ಕೆ ಎತ್ತಿ ನಿಂತಿದ್ದವರನ್ನು ಕಂಡೇ ಹೇಳುತ್ತಿದ್ದೇನೆ.

ಕೋಣೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ 1,200 ರೂಪಾಯಿ ಎಂದಿದ್ದವರು ಎದುರಿಗೆ ಹೋದಾಗ 1,800 ಎಂದರು. “ಇದು ಹಬ್ಬದ ಸೀಸನ್” ಎಂಬ ಸಮರ್ಥನೆ ಬೇರೆ. ಹಾರ್ನ್‌ಬಿಲ್ ಹಬ್ಬ ನಡೆಯುವುದು ಡಿಸೆಂಬರ್ ಮೊದಲಲ್ಲಿ, ಕೊಹಿಮಾದ ಪಕ್ಕದ ಕಿಸಾಮಾದಲ್ಲಿ. ಇಲ್ಲಿಂದ ಅಲ್ಲಿಗೆ ಇಡೀ ದಿನದ ದಾರಿ. ಆ ಗದ್ದಲ ಬೇಡವೆಂದೇ ನಾನು ಈ ಕಡೆ ಬಂದಿದ್ದು! ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಬಿಸಿನೀರು ಬಕೆಟ್ಟಿಗೆ ಐವತ್ತು ರೂಪಾಯಿ. ಭಾನುವಾರ ಅಡುಗೆಮನೆ ಮುಚ್ಚಿರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಚಳಿ, ತಣ್ಣೀರು, ಗಟ್ಟಿ ಹಾಸಿಗೆ ಇವು ಯಾವುವೂ ನನಗೆ ದೊಡ್ಡ ವಿಷಯವಲ್ಲ, ಮಲೆನಾಡಿನಲ್ಲಿ ಬೆಳೆದವನು. ಮಾತು ಬದಲಿಸುವುದನ್ನು ಮಾತ್ರ ಸಹಿಸಲಾರೆ. ಫೋನಿನಲ್ಲಿ ದರ ಒಪ್ಪಿದ ಮೇಲೆ ಅದನ್ನು ಸಂದೇಶದಲ್ಲಿ ಬರೆದು ಕಳಿಸಲು ಹೇಳಿ. ಇಲ್ಲವೇ ಹಳ್ಳಿಗಳಲ್ಲಿರುವ ಮನೆವಾಸ್ತವ್ಯ ಹುಡುಕಿ. ಎರಡನೆಯ ಸಲ ಹೋದರೆ ನಾನು ಮಾಡುವುದು ಅದನ್ನೇ.

ಸೋಮವಾರ ಬೆಳಿಗ್ಗೆ ಹಸಿದ ತೋಳದಂತೆ ಪೇಟೆಗೆ ಇಳಿದೆ. ಮಾರುಕಟ್ಟೆಯ ಕೆಳಗಿನ ಇಳಿಜಾರಿನಲ್ಲಿ ತಗಡಿನ ಮಾಡಿನ ಒಂದು ಊಟದ ಮನೆ, ನಾಲ್ಕೇ ಮೇಜು. ಹೆಸರಿನ ಫಲಕವಿಲ್ಲ. ಒಲೆಯ ಮುಂದಿದ್ದ ಹೆಂಗಸನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. “ಭಾತ್ ಆಸೆ?” ಎಂದು ಕಲಿತುಕೊಂಡಿದ್ದ ಒಂದೇ ಒಂದು ನಾಗಾಮೀಸ್ ವಾಕ್ಯ ಎಸೆದೆ. ಊಟ ಇದೆಯೇ ಎಂದು ಅರ್ಥ. ಅಸ್ಸಾಮಿ ಬೆರೆತ ಈ ಭಾಷೆಯೇ ಬೇರೆ ಬೇರೆ ನಾಗಾ ಜನರ ನಡುವಿನ ಸೇತುವೆ. ಆವೊಗಳಲ್ಲೇ ಚುಂಗ್ಲಿ, ಮೊಂಗ್ಸೆನ್ ಎಂದು ಎರಡು ನುಡಿಗಳಿವೆ.

ತಟ್ಟೆಯಲ್ಲಿ ಅನ್ನದ ಗುಡ್ಡೆ, ಬೇಯಿಸಿದ ಸೊಪ್ಪು, ಮೂಗಿಗೆ ಅಡರುವ ಮೆಣಸಿನಕಾಯಿ ಚಟ್ನಿ, ಒಂದು ಬಟ್ಟಲಲ್ಲಿ ಹಂದಿಮಾಂಸ. ಹಂದಿ ಸಾರು ಮೂಡಿಗೆರೆ ಕಡೆಯವನಾದ ನನಗೆ ಹೊಸತಲ್ಲ. ಆದರೆ ಇದು ಕಾಡಿಗೆಯಷ್ಟು ಕಪ್ಪಗಿತ್ತು. ಎಣ್ಣೆ ಹಾಕಿರಲಿಲ್ಲ, ಕೊಬ್ಬೇ ಕರಗಿ ಬಿಟ್ಟದ್ದು ಮೇಲೆ ತೇಲುತ್ತಿತ್ತು. ಮಸಾಲೆಯ ಸುಳಿವೇ ಇಲ್ಲ. ಮೊದಲ ತುತ್ತಿಗೆ ಹೊಗೆ, ಆಮೇಲೆ ಹುಳಿಯೂ ಅಲ್ಲದ ಕಹಿಯೂ ಅಲ್ಲದ ಒಂದು ರುಚಿ, ಅದರ ಹಿಂದೆ ಎಲ್ಲೋ ಪರಿಚಯದ ವಾಸನೆ. ಏನಿದು ಎಂದು ಕೇಳಿದೆ. “ಅನಿಶಿ” ಎಂದರು ಆಂಟಿ. ಒಲೆಯ ಮೇಲಿನ ಅಟ್ಟದಿಂದ ರೊಟ್ಟಿಯ ತುಣುಕಿನಂಥ ಕರಿ ಬಿಲ್ಲೆಯೊಂದನ್ನು ತೆಗೆದು ಕೈಗಿಟ್ಟರು. ಮೂಸಿ ನೋಡಿದೆ: ಕೆಸು! ನಾವು ಪತ್ರೊಡೆ ಮಾಡುವ ಅದೇ ಕೆಸುವಿನ ಎಲೆ. ಎಲೆಗಳನ್ನು ಒಂದರ ಮೇಲೊಂದು ಒಟ್ಟಿ, ಸುತ್ತಿಟ್ಟು, ಹಳದಿಯಾಗಿ ಹುದುಗಿದ ಮೇಲೆ ಕುಟ್ಟಿ, ಬಿಲ್ಲೆ ತಟ್ಟಿ, ಒಲೆಯ ಹೊಗೆಯಲ್ಲಿ ಒಣಗಿಸುತ್ತಾರಂತೆ. ಪಕ್ಕದ ಪಾತ್ರೆಯಲ್ಲಿ ಕಳಲೆ. ಮಳೆಗಾಲದ ನಮ್ಮ ಅಡುಗೆಮನೆಯನ್ನೇ ಯಾರೋ ಎತ್ತಿ, ಹೊಗೆ ಹಾಕಿ, ಇಲ್ಲಿಟ್ಟಂತಿತ್ತು. ಕೆಸು ಬಾಯಿ ತುರಿಸುತ್ತದೆಂದು ನಾವು ಹುಣಸೆಹುಳಿ ಹಾಕುತ್ತೇವೆ ಎಂದು ಹರಕು ಹಿಂದಿಯಲ್ಲಿ ವಿವರಿಸಿದೆ. ಆಂಟಿ ಪಾಪ ಎನ್ನುವಂತೆ ನೋಡಿ ಇನ್ನೊಂದು ಸೌಟು ಅನ್ನ ಬಡಿಸಿದರು. ಎರಡನೆಯ ಅನ್ನಕ್ಕೆ ದುಡ್ಡಿಲ್ಲ. ಒಟ್ಟು 150 ರೂಪಾಯಿ. ಊರಲ್ಲಿದ್ದಷ್ಟು ದಿನವೂ ಮಧ್ಯಾಹ್ನ ಅಲ್ಲೇ ಉಂಡೆ.

ಸಸ್ಯಾಹಾರಿಗಳು ಅನ್ನ, ಬೇಳೆ, ಬೇಯಿಸಿದ ತರಕಾರಿಯಲ್ಲಿ ದಿನ ನೂಕಬಹುದು. ಚಟ್ನಿಯಲ್ಲಿ ಒಣಮೀನು ಇದೆಯೇ ಎಂದು ಮಾತ್ರ ಪ್ರತಿಸಲವೂ ಕೇಳಿ. ಪಕ್ಕದ ಮೇಜಿನ ವಾಸನೆಯನ್ನೂ ತಾಳಲಾರೆ ಎನ್ನುವವರು ಈ ಊರಿಗೆ ಬರಬೇಡಿ, ನಿಮಗೂ ಹಿಂಸೆ, ಅವರಿಗೂ ಹಿಂಸೆ. ಸಂಜೆಗೆ ಗುಂಡು ಬೇಕೆನ್ನುವವರಿಗೂ ಒಂದು ಮಾತು: ನಾಗಾಲ್ಯಾಂಡ್ 1989ರ ಕಾಯ್ದೆಯಿಂದ ಪಾನನಿಷೇಧ ಜಾರಿಗೆ ತಂದ ರಾಜ್ಯ.

ನೋಡುವ ಜಾಗಗಳೆಂದರೆ, ಪಟ್ಟಣದೊಳಗೆ ಹೆಚ್ಚೇನಿಲ್ಲ. ಸುಮಾರು 1,300 ಮೀಟರ್ ಎತ್ತರದ ಬೆಟ್ಟದ ಏಣಿನ ಮೇಲೆ ಮನೆಗಳು ಒಂದರ ತಲೆಯ ಮೇಲೊಂದು ಕುಳಿತಿವೆ, ಅಷ್ಟೆ. ಆವೊಗಳ ಬದುಕು ಇರುವುದು ಸುತ್ತಲಿನ ಹಳ್ಳಿಗಳಲ್ಲಿ. ಉಪವಾಸದ ಆ ಭಾನುವಾರ ನಾನು ಉಂಗ್ಮಾಕ್ಕೆ ನಡೆದೇ ಹೋದೆ. ಮೂರು ಕಿಲೋಮೀಟರ್ ಆದೀತು. ಆವೊ ಹಳ್ಳಿಗಳಲ್ಲೆಲ್ಲ ದೊಡ್ಡದು, ತುಂಬ ಹಳೆಯದು. ಇಗರ್ಜಿ ಬಿಟ್ಟು ಬರುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿಯೇ ಹಸಿವು ಕಂಡುಹಿಡಿದಿರಬೇಕು, ಮನೆಗೆ ಕರೆದು ಹಾಲಿಲ್ಲದ ಟೀ ಮತ್ತು ಬೇಯಿಸಿದ ಗೆಣಸು ಕೊಟ್ಟರು. ಗೋಡೆಯ ಮೇಲೆ ಕೆಂಪು, ಕಪ್ಪು ಪಟ್ಟೆಗಳ ಶಾಲು ತೂಗುತ್ತಿತ್ತು. ಅದು ತ್ಸುಂಗ್‌ಕೊತೆಪ್ಸು. ನಡುವಿನ ಬಿಳಿ ಪಟ್ಟಿಯಲ್ಲಿ ಮಿಥುನ್ ಎಂಬ ಬೆಟ್ಟದ ದನ, ಹುಲಿ, ಆನೆ, ಹುಂಜ, ಮನುಷ್ಯನ ತಲೆ. ಇವು ನೇಯ್ದವಲ್ಲ, ಬರೆದವು. ನೇಯುವುದು ಹೆಂಗಸರು, ಚಿತ್ರ ಬರೆಯುವುದು ಗಂಡಸರು. ಹಿಂದೆ ಶತ್ರುವಿನ ತಲೆ ಕಡಿದು ತಂದವನು ಅಥವಾ ಮಿಥುನ್ ಕಡಿದು ಊರಿಗೆ ಔತಣ ಹಾಕಿದವನು ಮಾತ್ರ ಇದನ್ನು ಹೊದೆಯಬಹುದಿತ್ತು. ನಾನು ಎರಡನ್ನೂ ಮಾಡಿಲ್ಲವಾದ್ದರಿಂದ ಪೇಟೆಯಲ್ಲಿ ಮಫ್ಲರ್ ಕೊಂಡೆ. ನೀವು ಕೊಳ್ಳುವಾಗ ಕೈಮಗ್ಗದ್ದೋ ಯಂತ್ರದ್ದೋ ಎಂದು ಕೇಳಿ, ಬೆಲೆಯಲ್ಲಿ ಅಜಗಜಾಂತರವಿದೆ.

ಲೊಂಗ್‌ಖುಮ್ ಎಂಬ ಹಳ್ಳಿಗೆ ಮೊದಲ ಸಲ ಹೋದವನ ಆತ್ಮ ಅಲ್ಲೇ ಉಳಿಯುತ್ತದಂತೆ, ತರಲು ಮತ್ತೊಮ್ಮೆ ಹೋಗಬೇಕಂತೆ. ಪ್ರವಾಸೋದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿರಲಾರದು. ಮೊಪುಂಗ್‌ಚುಕೆಟ್ ಅಚ್ಚುಕಟ್ಟಾದ ಹಳ್ಳಿ, ಜಿನಾ ಮತ್ತು ಎತಿಬೆನ್ ಎಂಬ ಪ್ರೇಮಿಗಳ ಕಥೆಯ ಊರು. ಕುಣಿತ, ಹಾಡು ಬೇಕೆನ್ನುವವರು ಬಿತ್ತನೆ ಮುಗಿದ ಮೇಲೆ ಮೇ ಮೊದಲ ವಾರದಲ್ಲಿ ಬರುವ ಮೊಆತ್ಸು ಹಬ್ಬಕ್ಕೆ ಹೋಗಿ. ನನಗೆ ಜನಜಂಗುಳಿ ಆಗದು, ನವೆಂಬರೇ ಸಾಕು.

ವಾಪಸು ಸುಮೊದ ಟಿಕೆಟ್ ಹಿಂದಿನ ದಿನವೇ ಮಾಡಿಸಿ, ನಡುವಿನ ಸಾಲಿನ ಕಿಟಕಿ ಕೇಳಿ. ಕೊನೆಯ ಸಾಲಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಅನಿಶಿ ತರುವುದಾದರೆ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ನಾನು ಒಂದೇ ಪದರದಲ್ಲಿ ತಂದೆ. ಆ ಬ್ಯಾಗು ಈಗಲೂ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿದೆ.